ಇಂಜಿನ್ ಕೆಲಸದಲ್ಲಿ ತೊಳೆಯೋದೇ ಜಾಸ್ತಿ

ನಮ್ಮ ಮನೆಯ ಮಾರುತಿ 800 ಕಾರ್ಬ್ಯುರೇಟರ್ ಕಾಲದ್ದು. ಆಯಿಲ್ ಕುಡಿಯೋದು ವಿಪರೀತ ಆಗಿತ್ತು. ಕಲಬುರಗಿಯ ಜೇವರ್ಗಿ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಬೈಕಿನವರಿಗೆ ನೀಲಿ ಹೊಗೆ. ಯಾವ ಗ್ಯಾರೇಜಿಗೆ ಹೋದರೂ ಒಂದೇ ಮಾತು: "ಇಂಜಿನ್ ಕೆಲಸ ಬಂದದ ನೋಡ್ರಿ." ಮಾರಿದರೆ ಗುಜರಿ ರೇಟು. ಬೇಸಿಗೆ ರಜೆ ಇತ್ತು, ಅಕ್ಕನ ಮಗ ಡಿಪ್ಲೊಮಾ ಮುಗಿಸಿ ಮನೆಯಲ್ಲೇ ಇದ್ದ. ನಾವೇ ಬಿಚ್ಚಿ ಕಟ್ಟೋಣ ಅಂತ ಕೂತೆವು.

ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಇಂಜಿನ್ ಇಲ್ಲ ಅಂತ ನನ್ನ ಅನಿಸಿಕೆ. 796 ಸಿಸಿ, ಮೂರು ಸಿಲಿಂಡರ್, ಆರು ವಾಲ್ವ್. ಸಿಲಿಂಡರ್ ಇರುವ ಬ್ಲಾಕ್ ಬೀಡು ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯುಮಿನಿಯಂ. ಈ ಕಾರು ತಯಾರಾಗೋದು 2014ರಲ್ಲೇ ನಿಂತಿದೆ, ಆದರೆ ಪಿಸ್ಟನ್, ರಿಂಗ್, ಗ್ಯಾಸ್ಕೆಟ್‌ಗೆ ಇನ್ನೂ ಬರ ಇಲ್ಲ.

ನಮ್ಮ ಗಲ್ಲಿಯಲ್ಲಿ ವಯಸ್ಸಾದ ಮಿಸ್ತ್ರಿ ಒಬ್ಬರಿದ್ದಾರೆ. ಎಲ್ಲರಿಗೂ ಚಾಚಾ. ಈಗ ಕೆಲಸ ಬಿಟ್ಟಿದ್ದಾರೆ, ಆದರೆ ಬಾನೆಟ್ ಎತ್ತಿದ ಕಾರು ಕಂಡರೆ ಸುಮ್ನೆ ಹೋಗೋರಲ್ಲ. ನಾವು ಪಾನಾ ಹರಡಿಕೊಂಡು ಕೂತಿದ್ದು ನೋಡಿ ಬಂದರು.

"ಬಿಚ್ಚೋದೇನ್ ರೀ, ಸಣ್ಣ ಹುಡುಗರೂ ಬಿಚ್ತಾರ. ಮೊದ್ಲ ಕಂಪ್ರೆಷನ್ ನೋಡೀರೇನು?"

ಕಂಪ್ರೆಷನ್ ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದಾಗ ಏರುವ ಗಾಳಿಯ ಒತ್ತಡ. ಅದನ್ನು ಅಳೆಯೋ ಗೇಜ್ ಅವರ ಮನೆಯಿಂದಲೇ ಬಂತು. ಇಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದೆವು. ನಡುವಿನ ಸಿಲಿಂಡರ್ ಉಳಿದೆರಡಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಮುಳ್ಳು ಮೇಲೆ ಏರಿತು. ಆಯಿಲ್ ಸಂದು ಮುಚ್ಚಿತು, ಅಂದರೆ ಪಿಸ್ಟನ್ ಸುತ್ತಲಿನ ರಿಂಗ್ ಮತ್ತು ಬೋರ್, ಅಂದ್ರೆ ಸಿಲಿಂಡರಿನ ಒಳಗೋಡೆ, ಸವೆದಿವೆ. ಏರದೆ ಅಲ್ಲೇ ನಿಂತಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕಿತ್ತು. ಆಗ ಬರೀ ಹೆಡ್ ಇಳಿಸಿದರೆ ಸಾಕಾಗಬಹುದು. ಈ ಪರೀಕ್ಷೆಗೆ ಅರ್ಧ ಗಂಟೆಯೂ ಬೇಡ. ಆದರೂ ಎಷ್ಟೋ ಕಡೆ ಇದನ್ನು ಮಾಡದೆ ನೇರ ಬೋರಿಂಗ್‌ಗೆ (ಬೋರ್ ಕೊರೆದು ದೊಡ್ಡದು ಮಾಡಿಸೋಕೆ) ಕಳಿಸುತ್ತಾರೆ, ದುಡ್ಡು ನಮ್ಮದು ಅಲ್ವಾ.

ಬಿಚ್ಚೋದರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಪೈಪು, ವೈರು ಬಿಡಿಸುವ ಮುಂಚೆ ಮೊಬೈಲ್‌ನಲ್ಲಿ ಫೋಟೊ. ಬೋಲ್ಟುಗಳು ಬೇರೆ ಬೇರೆ ಡಬ್ಬಿಗೆ, ಡಬ್ಬಿ ಮೇಲೆ ಹೆಸರು. ವಾಲ್ವ್‌ಗಳನ್ನು ಮಿಠಾಯಿ ಡಬ್ಬಿಯ ರಟ್ಟಿಗೆ ತೂತು ಮಾಡಿ ಸಾಲಾಗಿ ಚುಚ್ಚಿಟ್ಟೆವು. ಯಾವುದು ಯಾವ ಸೀಟಿನದೋ ಅಲ್ಲಿಗೇ ವಾಪಸ್ ಹೋಗಬೇಕು. ಇನ್ನೊಂದು ಮಾತ್ರ ಮರೆಯಬೇಡಿ: ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಕ್ಯಾಪು. ರಾಡ್ ಮತ್ತು ಕ್ಯಾಪಿನ ತೂತನ್ನು ಜೋಡಿಸಿಟ್ಟೇ ಕೊರೆದಿರುತ್ತಾರೆ. ಒಂದರದ್ದು ಇನ್ನೊಂದಕ್ಕೆ ಕೂರಲ್ಲ, ತಿರುಗಿಸಿ ಹಾಕಿದರೂ ಕೂರಲ್ಲ. ಬಿಚ್ಚುವ ಮುಂಚೆಯೇ ಎರಡಕ್ಕೂ ಪಂಚ್‌ನಿಂದ ಚುಕ್ಕೆ ಹೊಡೆದುಕೊಳ್ಳಿ.

ಬ್ಲಾಕ್ ಮತ್ತು ಕ್ರ್ಯಾಂಕ್ ಎರಡನ್ನೂ ಆಟೋದಲ್ಲಿ ಹೇರಿಕೊಂಡು ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆ ಹೋದೆವು. ಮೊದಲು ಹೊಕ್ಕ ಅಂಗಡಿಯಲ್ಲಿ ಬೋರಿನೊಳಗೆ ಬೆರಳಾಡಿಸಿ, "0.50 ಮಾಡಿಬಿಡ್ತೀವಿ, ಸಂಜಿಗಿ ಬರ್ರಿ" ಅಂದರು. 0.50 ಅಂದರೆ ಬೋರ್ ಅರ್ಧ ಮಿಲಿಮೀಟರ್ ದೊಡ್ಡದು. ಚಾಚಾಗೆ ಫೋನ್ ಹಚ್ಚಿದೆ. "ಬೆರಳೇನ್ ಗೇಜ್ ಅದಾ? ಹೊರಗ ಬರ್ರಿ" ಅಂದರು. ಬಂದೆವು.

ಇನ್ನೊಂದು ಕಡೆ ಬೋರ್ ಗೇಜ್ ಇಳಿಸಿ ಸಮಾಧಾನದಿಂದ ನೋಡಿದರು. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಉದ್ದಕ್ಕೊಂದು ಅಡ್ಡಕ್ಕೊಂದು ಅಳತೆ. ಹೊಸ ಇಂಜಿನ್ನಿನ ಬೋರ್ 68.5 ಮಿಲಿಮೀಟರ್. ಸವೆತ ಜಾಸ್ತಿ ಇರೋದು ಮೇಲುಗಡೆ, ಮೊದಲ ರಿಂಗ್ ಹೋಗಿ ವಾಪಸ್ ತಿರುಗುವ ಜಾಗದಲ್ಲಿ. ಅಲ್ಲಿ ಶಾಖವೂ ಹೆಚ್ಚು, ಆಯಿಲ್ ತಲುಪೋದೂ ಕಡಿಮೆ. ನಮ್ಮದಕ್ಕೆ 0.25 ಸಾಕಾಯಿತು. ಒಮ್ಮೆಗೇ 0.50 ಕೊರೆಸಿದರೆ ಮುಂದಿನ ಸಲಕ್ಕೆ ಉಳಿಯುವ ಕಬ್ಬಿಣವೇ ಕಡಿಮೆ ಆಗುತ್ತದೆ. ಅಲ್ಲಿನವರು ಇನ್ನೊಂದು ಮಾತು ಹೇಳಿದರು, ಅದು ಬಂಗಾರದಂಥ ಮಾತು: ಪಿಸ್ಟನ್ ಮೊದಲು ತಂದುಕೊಡಿ, ಅದನ್ನು ಅಳೆದು ಬೋರ್ ಮಾಡ್ತೀವಿ. ಡಬ್ಬಿ ಮೇಲಿನ ಅಂಕಿ ನಂಬಿ ಕೊರೆಯಬಾರದು.

ಬ್ಲಾಕ್ ವಾಪಸ್ ಬಂದಾಗ ಒಳಗೆ ಗೆರೆ ಗೆರೆ ಹೊಳಪು. ನೋಡೋಕೆ ಕನ್ನಡಿ. ಅಳಿಯ ಆವತ್ತೇ ಪಿಸ್ಟನ್ ಹಾಕೋಕೆ ತಯಾರಾಗಿದ್ದ. ಚಾಚಾ ಏನೂ ಹೇಳದೆ ಹಳೇ ಬಿಳಿ ಬನಿಯನ್ ತುಂಡಿಗೆ ಎರಡು ಹನಿ ಆಯಿಲ್ ಹಾಕಿ ಬೋರ್ ಒರೆಸಿ ತೋರಿಸಿದರು. ಬಟ್ಟೆ ಪೂರಾ ಬೂದು. ಕೊರೆದ ಮೇಲೆ ಬೋರ್ ಉಜ್ಜುವ ಹೋನಿಂಗ್ ಕಲ್ಲಿನ ಪುಡಿ. ಆ ಸಣ್ಣ ಗೆರೆಗಳೊಳಗೆ ಕೂತಿರುತ್ತದೆ. ಹಾಗೇ ಕಟ್ಟಿದರೆ ಹೊಸ ರಿಂಗ್ ಅದೇ ಪುಡಿಯಲ್ಲಿ ಉಜ್ಜಿ ಸವೆಯುತ್ತದೆ.

ಡೀಸೆಲ್‌ನಲ್ಲಿ ತೊಳೆದರೆ ಜಿಡ್ಡು ಹೋಗುತ್ತದೆ, ಈ ಪುಡಿ ಹೋಗಲ್ಲ. ಇದಕ್ಕೆ ಬಿಸಿನೀರು, ಬಟ್ಟೆ ಸೋಪಿನ ಪುಡಿ, ಬ್ರಷ್ಷೇ ಬೇಕು. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಬ್ಲಾಕ್ ಇಟ್ಟು ಉಜ್ಜಿದೆವು. ನೀರು ಹಾಕೋದು, ಉಜ್ಜೋದು, ಒರೆಸಿ ನೋಡೋದು. ಬಟ್ಟೆ ಬೂದು ಬಂದರೆ ಮತ್ತೆ ಶುರು. ಆಯಿಲ್ ಹೋಗುವ ಸಣ್ಣ ದಾರಿಗಳಿಗೆ ಉದ್ದನೆಯ ಸಣ್ಣ ಬ್ರಷ್, ಆಮೇಲೆ ಕಂಪ್ರೆಸರ್ ಗಾಳಿ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಮನ್ಯಾಗಿನ ಭಾಂಡೆ ಒಂದಿನಾನೂ ಹಿಂಗ ತಿಕ್ಕಿಲ್ಲ" ಅಂದಳು. ಕೊನೆಗೆ ಬಟ್ಟೆ ಬಿಳಿಯಾಗೇ ಬಂತು. ಆ ಕೂಡಲೇ ಒಣಗಿಸಿ ಆಯಿಲ್ ಸವರಬೇಕು. ತಡ ಮಾಡಿದರೆ ಹಸಿ ಕಬ್ಬಿಣದ ಮೇಲೆ ಕಣ್ಣೆದುರೇ ಕೆಂಪು ತುಕ್ಕು ಹಿಡಿಯುತ್ತದೆ.

ಕಲಬುರಗಿಯ ಮೇ ತಿಂಗಳು ಗೊತ್ತಲ್ಲ, 40 ಡಿಗ್ರಿ ದಾಟಿದ ಬಿಸಿಲು, ಮಧ್ಯಾಹ್ನ ಗಾಳಿ ಎದ್ದರೆ ಕರಿಮಣ್ಣಿನ ಧೂಳು. ಹಾಗಾಗಿ ಜೋಡಣೆಯ ಕೆಲಸ ಬೆಳಗಿನ ಹೊತ್ತು ಮಾತ್ರ. ಹತ್ತು ಗಂಟೆ ಆಯಿತೆಂದರೆ ಬ್ಲಾಕ್‌ಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಬಾಗಿಲು ಹಾಕುತ್ತಿದ್ದೆವು.

ನನಗೆ ತುಂಬಾ ಹಿಡಿಸಿದ್ದು ರಿಂಗ್ ಗ್ಯಾಪ್ ನೋಡುವ ಕೆಲಸ. ಬರೀ ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ಒತ್ತಿ ಸಮ ಮಾಡಿ, ಎರಡು ತುದಿಯ ನಡುವೆ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿ, ತೂರಿಸಬೇಕು. ಬೋರಿನ ಪ್ರತಿ ಇಂಚಿಗೆ ಸುಮಾರು ನಾಲ್ಕು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಅನ್ನೋದು ಹಳೇ ಮಿಸ್ತ್ರಿಗಳ ಲೆಕ್ಕ. ಈ ಇಂಜಿನ್ನಿಗೆ ಅದು ಹತ್ತಿರ ಹತ್ತಿರ 0.27 ಮಿಲಿಮೀಟರ್ ಆಗುತ್ತದೆ. ಆದರೂ ಕೊನೆಯ ಮಾತು ರಿಂಗ್ ಕಂಪನಿಯ ಚೀಟಿಯದ್ದೇ. ನಮ್ಮ ಒಂದು ರಿಂಗಿನಲ್ಲಿ ಅತಿ ತೆಳು ಪಟ್ಟಿಯೂ ತೂರಲಿಲ್ಲ. ಬಿಸಿಗೆ ಹಿಗ್ಗಿ ತುದಿಗೆ ತುದಿ ಒತ್ತಿದರೆ ರಿಂಗ್ ಬೋರನ್ನೇ ಗೀರುತ್ತದೆ, ಇಲ್ಲವೇ ಮುರಿಯುತ್ತದೆ. ನುಣುಪಾದ ಅರವನ್ನು ವೈಸ್‌ಗೆ ಕಚ್ಚಿಸಿ, ರಿಂಗಿನ ತುದಿಯನ್ನು ಹೊರ ಅಂಚಿನಿಂದ ಒಳಗಡೆಗೆ ಮಾತ್ರ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ಹೊರಮೈಯ ಲೇಪ ಚಕ್ಕೆ ಏಳುತ್ತದೆ. ಎರಡು ಎಳೆತ, ಒಂದು ಅಳತೆ. ಅಳಿಯನಿಗೆ ಬೇಸರ ಬಂತು, ನನಗೆ ಬರಲಿಲ್ಲ.

ಜೋಡಿಸುವಾಗ ರಿಂಗಿನ ಮೇಲಿನ ಗುರುತು ಮೇಲಕ್ಕೆ, ಗ್ಯಾಪ್‌ಗಳು ಒಂದೇ ಸಾಲಿಗೆ ಬರದ ಹಾಗೆ. ಪಿಸ್ಟನ್ ಮೇಲಿನ ಬಾಣ ಪುಲ್ಲಿ ಕಡೆಗೆ. ರಾಡ್ ಬೋಲ್ಟಿಗೆ ಪೆಟ್ರೋಲ್ ಪೈಪಿನ ತುಂಡು ತೊಡಿಸಿದರೆ ಕ್ರ್ಯಾಂಕ್‌ಗೆ ಗೀರು ಬೀಳಲ್ಲ. ಒಂದೊಂದು ಪಿಸ್ಟನ್ ಕೂರಿಸಿದ ಮೇಲೂ ಕ್ರ್ಯಾಂಕ್ ಕೈಯಿಂದ ತಿರುಗಿಸಿ ನೋಡಿ. ಎಲ್ಲ ಮುಗಿಸಿ ಆಮೇಲೆ ಬಿಗಿ ಬಂದರೆ ಯಾವುದರದ್ದು ಅಂತ ಹುಡುಕೋದು ದೊಡ್ಡ ತಲೆನೋವು. ಅಲ್ಯುಮಿನಿಯಂ ಹೆಡ್ ಬಿಸಿಗೆ ಸೊಟ್ಟ ಆಗಿರಬಹುದು. ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಹಾಕಿ ನೋಡಿ, 0.05 ಮಿಲಿಮೀಟರ್ ದಾಟಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಮಷಿನ್‌ನಲ್ಲಿ ಮೈ ಸಮ ಮಾಡಿಸಿ. ಹೆಡ್ ಬೋಲ್ಟು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಎಷ್ಟು ಬಿಗಿ ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ. "ಕೈ ಅಂದಾಜು ನಂಗದ" ಅನ್ನೋರು ಸಿಗುತ್ತಾರೆ, ಚಾಚಾ ಕೂಡ ಹಾಗೇ ಅಂದರು. ಈ ಒಂದು ವಿಷಯಕ್ಕೆ ನಾನು ಅವರ ಮಾತು ಕೇಳಲಿಲ್ಲ.

ಕ್ರ್ಯಾಂಕ್ ಮತ್ತು ವಾಲ್ವ್‌ಗಳ ಓಟ ಹೊಂದಿಸುವ ಟೈಮಿಂಗ್ ಬೆಲ್ಟ್ ಹಾಕಿದ ಮೇಲೆ ಪ್ಲಗ್ ಹಾಕದೆಯೇ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತಾ ನೋಡಿದೆವು. ಸಿಲಿಂಡರ್‌ಗಳಲ್ಲಿ ಕಿಡಿ ಹೊಡೆಯುವ ಕ್ರಮ 1-3-2, ಪ್ಲಗ್ ವೈರು ಅದೇ ಪ್ರಕಾರ. ಸ್ಟಾರ್ಟ್ ಮಾಡುವ ಮುಂಚೆಯೂ ಪ್ಲಗ್ ಹೊರಗಿಟ್ಟೇ, ಇಗ್ನಿಷನ್ ಕಾಯಿಲ್ ವೈರ್ ಬಿಡಿಸಿ, ಆಯಿಲ್ ದೀಪ ಆರುವ ತನಕ ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡೆದೆವು. ಆಮೇಲೆ ಪ್ಲಗ್ ಹಾಕಿ ಚಾಬಿ ತಿರುಗಿಸಿದರೆ ಒಂದು ಕೆಮ್ಮು, ಸವರಿದ ಆಯಿಲ್ ಸುಟ್ಟ ಒಂದಿಷ್ಟು ಹೊಗೆ, ಶುರು ಆಯಿತು. ಗಲ್ಲಿಯ ಹುಡುಗರು ಚಪ್ಪಾಳೆ ಹೊಡೆದರು. ಚಾಚಾ ಮಾತ್ರ ಬಗ್ಗಿ ಕೆಳಗೆ ಎಲ್ಲಾದರೂ ಸೋರುತ್ತಾ ಅಂತ ಟಾರ್ಚ್ ಹಾಕಿ ನೋಡುತ್ತಿದ್ದರು.

ಹೊಸ ರಿಂಗ್ ಇದ್ದಾಗ ನಿಂತಲ್ಲೇ ಗಂಟೆಗಟ್ಟಲೆ ಐಡಲ್ ಓಡಿಸಬಾರದು. ಲೋಡ್ ಬಿದ್ದರೇನೇ ರಿಂಗ್ ಬೋರಿಗೆ ಹೊಂದಿಕೊಳ್ಳೋದು. ಬೆಳಗ್ಗೆ ಬೇಗ ಸೇಡಂ ರಸ್ತೆಗೆ ಹೋಗಿ, ಆಕ್ಸಿಲರೇಟರ್ ಒತ್ತೋದು ಬಿಡೋದು ಮಾಡುತ್ತಾ ಓಡಿಸಿದೆವು. ಮೊದಲ ಆಯಿಲ್ ಬೇಗನೇ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಅಯಸ್ಕಾಂತ ಆಡಿಸಿದೆವು. ಕೂದಲೆಳೆಯಷ್ಟು ಬೂದು ಪುಡಿ ಅಂಟಿತ್ತು, ಚೂರುಗಳಿರಲಿಲ್ಲ. ಚಾಚಾ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇದು ಬರೂದೇ. ಫಿಲ್ಟರೂ ಬದ್ಲಿ ಮಾಡ್ರಿ" ಅಂದು ಚಹಾಕ್ಕೆ ಕೂತರು.