ರೊಕ್ಕ ಕಳಿಸುವ ಮುಂಚೆ ಒಂದು ಫೋನ್ ಮಾಡಿ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ತೆರಿಗೆ ಸಲಹೆ ಆಫೀಸು. ದುರ್ಗದಬೈಲಿನ ಅಂಗಡಿಯವರು, ರೈಲ್ವೆ ನೌಕರರು, ಧಾರವಾಡದ ಲೆಕ್ಚರರ್‌ಗಳು, ಇವರೇ ನಮ್ಮ ಗಿರಾಕಿಗಳು. ಗಂಡ ಹೆಂಡತಿ ನಡುವೆ ರೊಕ್ಕ ಅತ್ತಿತ್ತ ಹೋದರೆ ನಾವು ಜಾಸ್ತಿ ಕೇಳೋದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹತ್ತು ಲಕ್ಷ ಬಂದಿದ್ದರೂ "ಮನೆಯವರು ಕಳಿಸಿದ್ದು" ಅಂದರೆ ಮುಗೀತು. ಆ ಮಾತು ಕಾನೂನಿನಲ್ಲಿ ಎಲ್ಲರಿಗೂ ನಡೆಯೋದಿಲ್ಲ ಅನ್ನುವುದನ್ನು ಒಂದು ಫೈಲ್ ಚೆನ್ನಾಗಿ ಕಲಿಸಿತು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಇಬ್ಬರು ಗಂಡಸರು. ಒಬ್ಬರು ಧಾರವಾಡದವರು, ಈಗ ಅಮೆರಿಕದ ಪ್ರಜೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದೆ. ಇನ್ನೊಬ್ಬರದು ಭಾರತದ ಪಾಸ್‌ಪೋರ್ಟ್. ಅಮೆರಿಕದಲ್ಲಿದ್ದಾಗ ಅಲ್ಲೇ ಕಾನೂನಿನ ಪ್ರಕಾರ ಮದುವೆ ಆದವರು. ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಇಬ್ಬರೂ ಊರಿಗೆ ಬಂದರು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಫ್ಲ್ಯಾಟ್ ನೋಡಿದ್ದರು. ಒಬ್ಬರ ಹೆಸರಲ್ಲಿ ಬುಕ್ ಮಾಡಿ, ಇನ್ನೊಬ್ಬರು ಇಲ್ಲಿನ ಖಾತೆಯಿಂದ ಅವರ ಖಾತೆಗೆ 12 ಲಕ್ಷ ಹಾಕುವ ಯೋಚನೆ. ಪುಣ್ಯಕ್ಕೆ ರೊಕ್ಕ ಹೋಗುವ ಮೊದಲೇ ಬಂದರು.

ನನ್ನ ಜೂನಿಯರ್ ಹುಡುಗಿ ಫಾರ್ಮ್ ತುಂಬುತ್ತಾ ನನ್ನ ಕಡೆ ನೋಡಿದಳು. "ಸರ್, ರಿಲೇಷನ್ ಕಾಲಂನಾಗ ಏನ್ ಬರೀಲಿ?" ಅವರೇ ನಕ್ಕು ಹೇಳಿದರು, "ಅಮೆರಿಕದ ಫಾರ್ಮಾದರೆ ಗಂಡ ಅಂತ ಬರೀರಿ. ಇಲ್ಲಿ ಏನ್ ಬರೀಬೇಕು ಅಂತ ಕೇಳಾಕನ ನಾವು ಬಂದೇವಿ."

ಅಮೆರಿಕದಲ್ಲಿ ಈ ವಿಷಯ ದೊಡ್ಡ ಕೋರ್ಟ್ ಮೆಟ್ಟಿಲು ಹತ್ತಿದ್ದೂ ತೆರಿಗೆಯಿಂದಲೇ. ಈಡಿತ್ ವಿಂಡ್ಸರ್ ಅನ್ನುವ ಹಿರಿಯ ಮಹಿಳೆಗೆ ತನ್ನ ಹೆಂಡತಿ ತೀರಿಕೊಂಡ ಮೇಲೆ 3,63,053 ಡಾಲರ್ ಎಸ್ಟೇಟ್ ತೆರಿಗೆ, ಅಂದರೆ ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ ಬಂತು. ಸತ್ತವರು ಗಂಡನಾಗಿದ್ದರೆ ಒಂದು ಡಾಲರೂ ಬರುತ್ತಿರಲಿಲ್ಲ. 2013ರಲ್ಲಿ ಅವರು ಗೆದ್ದರು. 2015ರಲ್ಲಿ ಇಡೀ ದೇಶದಲ್ಲಿ ಇಂಥ ಮದುವೆಗೆ ಮಾನ್ಯತೆ ಸಿಕ್ಕಿತು. ಹಾಗಾಗಿ ನಮ್ಮ ಗಿರಾಕಿ ಧಾರವಾಡದಲ್ಲಿ ಕೂತು ಅಮೆರಿಕದ ರಿಟರ್ನ್ ತುಂಬಿದರೂ ವಿವಾಹಿತ ಅಂತಲೇ ತುಂಬಬೇಕು. ಅಲ್ಲಿನ ಪ್ರಜೆ ಯಾವ ದೇಶದಲ್ಲಿದ್ದರೂ ಅಲ್ಲಿ ರಿಟರ್ನ್ ಹಾಕಲೇಬೇಕು, ಅದು ಬೇರೆ ಮಾತು.

ಇಲ್ಲಿ ಕಥೆ ಬೇರೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದಿತು. ಆದರೆ 2023ರ ಅಕ್ಟೋಬರ್ 17ರಂದು ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ, ಅದು ಸಂಸತ್ತಿನ ಕೆಲಸ ಅಂದಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಅಂದರೆ ಅದೇ ಇಬ್ಬರು, ಅದೇ ವರ್ಷ, ಅಲ್ಲಿ ದಂಪತಿ, ಇಲ್ಲಿನ ತೆರಿಗೆ ಲೆಕ್ಕಕ್ಕೆ ಹೊರಗಿನವರು.

ಈಗ ಆ 12 ಲಕ್ಷಕ್ಕೆ ಬರೋಣ. ನಮ್ಮ ಕಾಯ್ದೆಯಲ್ಲಿ ಗಂಡ, ಹೆಂಡತಿ, ಅಪ್ಪ ಅಮ್ಮ, ಅಣ್ಣ ತಂಗಿ ಹೀಗೆ ಒಂದು ಪಟ್ಟಿ ಇದೆ. ಪಟ್ಟಿಯೊಳಗಿನವರು ಎಷ್ಟು ಕೊಟ್ಟರೂ ತೆರಿಗೆ ಇಲ್ಲ. ಹೊರಗಿನವರಿಂದ ಒಂದು ವರ್ಷದಲ್ಲಿ ಒಟ್ಟು 50,000 ದಾಟಿ ಬಂದರೆ, ದಾಟಿದ ಭಾಗಕ್ಕಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. ಕಟ್ಟಬೇಕಾದವರು ಪಡೆದವರು. ಅವರು ಶೇ. 30ರ ಸ್ಲ್ಯಾಬಿನಲ್ಲಿದ್ದರೆ 12 ಲಕ್ಷಕ್ಕೆ ಸೆಸ್ ಸೇರಿ 3,74,400 ರೂಪಾಯಿ. ಪ್ರೀತಿಯಿಂದ ಕೊಟ್ಟ ರೊಕ್ಕದಲ್ಲಿ ಮೂರನೇ ಒಂದು ಭಾಗದ ಹತ್ತಿರ ಸರ್ಕಾರಕ್ಕೆ! 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್ ಬೇರೆ. ಪಟ್ಟಿಯಲ್ಲಿರುವ ಮಂದಿ ಮಾತ್ರ ಅವರೇ. ಇದೇ ಪಟ್ಟಿಯನ್ನು ಪ್ರಶ್ನಿಸಿ ಒಂದು ಜೋಡಿ ಬಾಂಬೆ ಹೈಕೋರ್ಟಿಗೆ ಹೋಗಿದ್ದು, 2025ರ ಆಗಸ್ಟಿನಲ್ಲಿ ಅಲ್ಲಿ ನೋಟಿಸ್ ಆಯಿತು. ಕೋರ್ಟು ಏನು ಹೇಳುತ್ತದೋ ಅಂತ ನಂಬಿಕೊಂಡು ಈ ವರ್ಷದ ರಿಟರ್ನ್ ತುಂಬಲು ಆಗೋದಿಲ್ಲ, ಅಲ್ವಾ?

ದಾರಿ ಇತ್ತು, ಕಷ್ಟದ್ದೂ ಅಲ್ಲ. ಕ್ರಯಪತ್ರ ಇನ್ನೂ ನೋಂದಣಿ ಆಗಿರಲಿಲ್ಲ. ಇಬ್ಬರ ಹೆಸರೂ ಹಾಕಿಸಿ ಅಂದೆ. ಯಾರು ಎಷ್ಟು ಕೊಡುತ್ತಾರೋ ಅಷ್ಟು ಪಾಲು ಅಂತ ಪತ್ರದಲ್ಲೇ ಬರೆಸಿ, ಬಿಲ್ಡರಿಗೆ ಇಬ್ಬರೂ ತಮ್ಮ ತಮ್ಮ ಖಾತೆಯಿಂದ ನೇರವಾಗಿ ಕೊಡಿ. ಆಗ ಯಾರೂ ಯಾರಿಗೂ ಉಡುಗೊರೆ ಕೊಟ್ಟ ಹಾಗಾಗೋದಿಲ್ಲ. ಹಾಗೆ ಆಗದಿದ್ದರೆ ಸಾಲದ ಪತ್ರ ಮಾಡಿಕೊಂಡು ಬ್ಯಾಂಕ್ ಮೂಲಕ ಕೊಡಬಹುದು. ಬಡ್ಡಿ ಇಲ್ಲದ ಸಾಲವೂ ಸಾಲವೇ, ಆದರೆ ನಿಜವಾಗಿ ತೀರಿಸಬೇಕು. ಸುಮ್ನೆ ಕಾಗದದ ಮೇಲಿನ ಸಾಲ ತೋರಿಸಿದರೆ ಅಧಿಕಾರಿ ಮೊದಲ ಪ್ರಶ್ನೆಯಲ್ಲೇ ಹಿಡಿಯುತ್ತಾರೆ. ಕಿರಾಣಿ, ಕರೆಂಟ್ ಬಿಲ್ ಹಂಚಿಕೊಳ್ಳುವುದಕ್ಕೆ ಹೆದರಬೇಕಿಲ್ಲ. ಅದಕ್ಕೊಂದು ಜಂಟಿ ಖಾತೆ ಇಟ್ಟುಕೊಳ್ಳಿ ಅಂದೆ.

ಜಂಟಿ ಖಾತೆ ಅಂದ ಕೂಡಲೇ ಇಬ್ಬರೂ ಮುಖ ಮುಖ ನೋಡಿಕೊಂಡರು. ಒಂದು ಬ್ಯಾಂಕಿನಲ್ಲಿ "ರಕ್ತಸಂಬಂಧ ಇರಬೇಕು" ಅಂತ ವಾಪಸ್ ಕಳಿಸಿದ್ದರಂತೆ. ಅಂಥ ನಿಯಮವೇ ಇಲ್ಲ. 2024ರ ಆಗಸ್ಟಿನಲ್ಲಿ ಆರ್‌ಬಿಐ ಬ್ಯಾಂಕುಗಳಿಗೆ, ಹಣಕಾಸು ಸಚಿವಾಲಯ ಎಲ್ಲರಿಗೂ ಸ್ಪಷ್ಟ ಮಾಡಿವೆ: ಇಂಥ ಜೋಡಿ ಜಂಟಿ ಖಾತೆ ತೆರೆಯಬಹುದು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಬಹುದು. ರೇಷನ್ ಕಾರ್ಡಿನಲ್ಲೂ ಒಂದೇ ಮನೆಯವರು ಅಂತ ಪರಿಗಣಿಸಿ ಅಂತ ಕೇಂದ್ರ ರಾಜ್ಯಗಳಿಗೆ ಬರೆದಿದೆ. ಆ ಪ್ರಕಟಣೆಯ ಪ್ರಿಂಟ್ ತೆಗೆದು ಕೊಟ್ಟೆ. ಕೌಂಟರಿನಲ್ಲಿ ವಾದಕ್ಕಿಂತ ಪ್ರಿಂಟ್‌ಔಟ್ ಬೇಗ ಕೆಲಸ ಮಾಡುತ್ತದೆ.

ನಾಮಿನಿ ಆದರೆ ಸಾಕು ಅನ್ನುವ ತಪ್ಪು ತಿಳುವಳಿಕೆ ಎಲ್ಲರಿಗೂ ಇದೆ, ಇವರಿಗೂ ಇತ್ತು. ನಾಮಿನಿ ರೊಕ್ಕ ತೆಗೆದುಕೊಳ್ಳಬಹುದು, ಮಾಲೀಕ ಆಗೋದಿಲ್ಲ. ವಾರಸುದಾರರು ಕೇಳಿದರೆ ಕೊಡಬೇಕು. ಉಯಿಲು ಇಲ್ಲದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಸಂಗಾತಿಗೆ ಏನೂ ಇಲ್ಲ. ಪಿಎಫ್ ಇನ್ನೂ ಬಿಗಿ. ನಿಯಮದ ಲೆಕ್ಕದ ಕುಟುಂಬ ಇದ್ದರೆ ಅವರನ್ನೇ ನಾಮಿನಿ ಮಾಡಬೇಕು.

ಒಂದು ಸಣ್ಣ ತಮಾಷೆ ಹೇಳಬೇಕು. ಗಂಡ ಹೆಂಡತಿಗೆ ಎಫ್‌ಡಿ ಮಾಡಿಸಿ ಕೊಟ್ಟರೆ ಅದರ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಇವರಿಗೆ ಆ ತಲೆನೋವು ಇಲ್ಲ. ಕಾನೂನು ಹೊರಗಿನವರು ಅಂದ ಮೇಲೆ ಅಲ್ಲೂ ಹೊರಗಿನವರೇ. ಆರೋಗ್ಯ ವಿಮೆಯ ಕಂತಿಗೆ ವಿನಾಯಿತಿ ಸಂಗಾತಿಯ ಹೆಸರಲ್ಲಿ ಸಿಗೋದಿಲ್ಲ, ನಿಜ. ಆದರೆ ಈಗ ಹೆಚ್ಚಿನವರು ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದಾರೆ, ಅಲ್ಲಿ ಅದು ಯಾರಿಗೂ ಸಿಗೋದಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅಂದೆ.

ವಿದೇಶದ ಖಾತೆಗಳದ್ದು ಮಾತ್ರ ಉದಾಸೀನ ಮಾಡುವ ವಿಷಯ ಅಲ್ಲ. ವರ್ಷಗಟ್ಟಲೆ ಹೊರಗಿದ್ದು ಬಂದವರಿಗೆ ಮೊದಲ ಎರಡು ಮೂರು ವರ್ಷ ಅಲ್ಲಿನ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬರೋದಿಲ್ಲ. ಆಮೇಲೆ ಅಮೆರಿಕದ ಜಂಟಿ ಖಾತೆಯನ್ನು ಇಬ್ಬರೂ ತಮ್ಮ ತಮ್ಮ ರಿಟರ್ನಿನಲ್ಲಿ ತೋರಿಸಬೇಕು. ಮರೆತರೆ ದಂಡ 10 ಲಕ್ಷದವರೆಗೂ ಹೋಗಬಹುದು. ಅಲ್ಲಿ ಜಂಟಿ ರಿಟರ್ನ್ ಹಾಕಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಕೇಳುವಾಗ, ಯಾರ ಆದಾಯಕ್ಕೆ ಎಷ್ಟು ಅಂತ ಬಿಡಿಸಿ ತೋರಿಸಬೇಕು.

ಎರಡನೇ ಸಲ ಬಂದಾಗ ತಾಯಿಯೂ ಬಂದಿದ್ದರು. ನೇರ ಮಾತು. "ನನ್ನ ಧಾರವಾಡದ ಮನಿ ಇಬ್ಬರಿಗೂ ಬರೀಬೇಕು. ಈಗ ಕೊಡಲೋ, ಆಮ್ಯಾಲೋ?" ಮಗನಿಗೆ ಈಗ ದಾನಪತ್ರ ಮಾಡಿದರೆ ತೆರಿಗೆ ಇಲ್ಲ, ಸ್ಟ್ಯಾಂಪ್ ಡ್ಯೂಟಿಯೂ ಕಡಿಮೆ. ಇನ್ನೊಬ್ಬರಿಗೆ ಕೊಟ್ಟರೆ ಸ್ಟ್ಯಾಂಪ್ ಡ್ಯೂಟಿ ಮನೆಯ ಬೆಲೆಯ ಲೆಕ್ಕದಲ್ಲಿ, ಮೇಲೆ ಅವರಿಗೆ ಆದಾಯ ತೆರಿಗೆ. ಉಯಿಲಿನಿಂದ ಬಂದದ್ದಕ್ಕೆ ಮಾತ್ರ ಯಾರಿಗೆ ಬಂದರೂ ಉಡುಗೊರೆಯ ತೆರಿಗೆ ಇಲ್ಲ. ಸಂಬಂಧದ ಪಟ್ಟಿ ಅಲ್ಲಿ ಬೇಕಾಗೋದೇ ಇಲ್ಲ. ಮನೆ ಅವರ ಸ್ವಂತ ದುಡಿಮೆಯದು, ಪಿತ್ರಾರ್ಜಿತ ಅಲ್ಲ ಅಂತ ಕಾಗದ ನೋಡಿ ಖಾತ್ರಿ ಮಾಡಿಕೊಂಡೆ. ಉಯಿಲಿಗೆ ಎರಡು ಸಾಕ್ಷಿ ಬೇಕು, ನೋಂದಣಿ ಕಡ್ಡಾಯ ಅಲ್ಲ. ಆದರೆ ನಾಳೆ ತಕರಾರು ಬರಬಹುದಾದ ಕಡೆ ನೋಂದಣಿ ಮಾಡಿಸುವುದೇ ವಾಸಿ. ಪಾಲು ಪಡೆಯುವ ಇಬ್ಬರೂ ಸಾಕ್ಷಿ ಹಾಕುವುದು ಬೇಡ, ಮನಸ್ಸು ಸ್ವಸ್ಥ ಇದೆ ಅಂತ ಡಾಕ್ಟರ ಸರ್ಟಿಫಿಕೇಟ್ ಇರಲಿ ಅಂದೆ. "ನನ್ನ ತಲಿ ನೆಟ್ಟಗೈತಿ ಅಂತ ಡಾಕ್ಟರ್ ಹೇಳಬೇಕೇನು?" ಅಂತ ಅಜ್ಜಿ ಬೈದರು. ಆದರೂ ತಂದರು. ಕರಡು ವಕೀಲರ ಹತ್ತಿರ ಹೋಗಿದೆ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ದಿನ ಗೊತ್ತು ಮಾಡುವುದು ಬಾಕಿ.