ಈ ಸಲ ಕುಡಾಳದಲ್ಲಿ ಇಳಿಯೋಣ

2025 ಸೆಪ್ಟೆಂಬರ್ 7, ಭಾನುವಾರ
ಡೊಂಬಿವಲಿ

ಬೆಳಿಗ್ಗೆ ಎಂಟಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಫೋನ್ ಹಿಡಿದು ಕೂತಿದ್ದೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಹೋದ ವರ್ಷ ಅಕ್ಟೋಬರ್ ಕೊನೆಯ ತನಕ 120 ದಿನ ಇತ್ತು. ಇವತ್ತು ತೆರೆಯುವುದು ನವೆಂಬರ್ 6, ಗುರುವಾರದ ಟಿಕೆಟ್. ಎಂಟಾದ ಕೂಡಲೇ ಒತ್ತಿದೆ. ಮಾಂಡವಿ ಎಕ್ಸ್‌ಪ್ರೆಸ್, ಠಾಣೆಯಿಂದ ಮಹಾರಾಷ್ಟ್ರದ ಕೊಂಕಣದಲ್ಲಿರುವ ಕುಡಾಳ, ನಾಲ್ಕು ಜನ. ಸಿಕ್ಕಿಯೇ ಬಿಟ್ಟಿತು! ಅತ್ತೆಗೆ ಕೆಳಗಿನ ಬರ್ತ್ ಕೂಡ ಬಂತು.

ನಿನ್ನೆ ಅನಂತ ಚತುರ್ದಶಿ. ಮಧ್ಯರಾತ್ರಿ ದಾಟಿದರೂ ಬೀದಿಯಲ್ಲಿ ಡೋಲು ತಾಶೆ ನಿಂತಿರಲಿಲ್ಲ. ಹಾಗಾಗಿ ಇವತ್ತು ಮನೆಯಲ್ಲಿ ಎಲ್ಲರೂ ತಡವಾಗಿ ಎದ್ದರು. ಟಿಕೆಟ್ ಆದ ಸುದ್ದಿಯನ್ನು ಅರ್ಧ ಗಂಟೆ ನಾನೊಬ್ಬಳೇ ಇಟ್ಟುಕೊಂಡಿದ್ದೆ. ಕಾಫಿ ಕೊಡುವಾಗ ಅತ್ತೆಗೆ ಹೇಳಿದೆ. "ಕುಡಾಳಕ್ಕಾ? ಗಟ್ಟಿಯಾಯ್ತಾ?" ಅಂತ ಎರಡು ಸಲ ಕೇಳಿದರು.

ಈ ಊರು ಗಟ್ಟಿ ಮಾಡಲು ನಮಗೆ ಒಂದು ತಿಂಗಳು ಹಿಡಿಯಿತು. ಅದನ್ನೇ ಇವತ್ತು ಬರೆದಿಡಬೇಕು ಅನ್ನಿಸಿದೆ. ನಮ್ಮ ಹಾಗೆ ವರ್ಷಕ್ಕೆ ಒಂದೇ ಪ್ರವಾಸ ಮಾಡುವ ಮನೆಗಳಿಗೆ ಊರು ಆರಿಸುವುದು ಸಣ್ಣ ವಿಷಯ ಅಲ್ಲ. ದುಡ್ಡು, ರಜೆ, ಮನೆಯ ಹಿರಿಯರ ಮೈಯಲ್ಲಿರುವ ಶಕ್ತಿ, ಎಲ್ಲವೂ ಎಣಿಸಿಟ್ಟಷ್ಟೇ ಇರುತ್ತವೆ.

ಕಳೆದ ಜನವರಿಯ ಪ್ರವಾಸ ನನ್ನ ಮನಸ್ಸಿನಿಂದ ಹೋಗಿಲ್ಲ. ಒಬ್ಬ ಟೂರ್‌ನವರು 'ಅಸಲಿ ಹಳ್ಳಿ ಜೀವನ' ತೋರಿಸುತ್ತೇವೆ ಅಂದಿದ್ದರು. ಮುಂಬೈಯಿಂದ ಮೂರು ಗಂಟೆಯ ದಾರಿ. ಬಾಗಿಲಲ್ಲೇ ಕುಂಕುಮ ಇಟ್ಟು, ಇವರ ತಲೆಗೆ ಪೇಟಾ ಸುತ್ತಿದರು. ಎತ್ತಿನ ಗಾಡಿಯಲ್ಲಿ ಒಂದು ಸುತ್ತು ಹಾಕಿಸಿದರು. ಅದೇ ಅಂಗಳಕ್ಕೆ ವಾಪಸ್. ಮಧ್ಯಾಹ್ನ ಝುಣಕಾ ಭಾಕರಿ. ನಾವು ಚಪ್ಪರದ ನೆರಳಲ್ಲಿ ಉಣ್ಣುವಾಗ ಎದುರಿಗೆ ಆರೇಳು ಹುಡುಗಿಯರು ಬಿಸಿಲಲ್ಲಿ ಕುಣಿಯುತ್ತಿದ್ದರು. ಯಾವ ಹಬ್ಬದ ಕುಣಿತ ಅದು ಅಂತ ಕೇಳಿದೆ. ಅಲ್ಲಿದ್ದವರು ಯಾರೂ ಹೇಳಲಿಲ್ಲ. ಅತ್ತೆ ಅರ್ಧ ಭಾಕರಿ ಬಿಟ್ಟು ಎದ್ದರು. "ಆ ಮಕ್ಕಳಿಗೆ ಊಟ ಆಗಿದೆಯಾ ಕೇಳು ಮೊದಲು" ಅಂದರು. ಆಗಿರಲಿಲ್ಲ. ನಮ್ಮ ಪಂಕ್ತಿ ಮುಗಿದ ಮೇಲೆ ಅವರದಂತೆ.

ಬರುವಾಗ ಬಸ್ಸಿನಲ್ಲಿ ಯಾರಿಗೂ ಮಾತಾಡುವ ಮನಸ್ಸಿರಲಿಲ್ಲ.

ಹಾಗಾಗಿ ಈ ಸಲ ಪ್ರವಾಸದ ಮಾತು ಬಂದಾಗ ನಾನು ಫೋಟೊ ನೋಡುವುದನ್ನೇ ಬಿಟ್ಟೆ. ಊಟದ ಹೊತ್ತಿಗೆ ಒಂದೇ ಪ್ರಶ್ನೆ ಇಟ್ಟೆ. ಅಲ್ಲಿಗೆ ಹೋಗಿ ನೀವು ಯಾರನ್ನಾದರೂ ಏನಾದರೂ ಕೇಳಬೇಕು ಅಂತ ಇದೆಯಾ? ತಿಳಿದುಕೊಳ್ಳಬೇಕು ಅಂತ ಆಸೆ ಇದೆಯಾ? ಇದ್ದರೆ ಆ ಊರು.

ಮಗಳು ಮನಾಲಿ ಅಂದಿದ್ದಳು. ಹಿಮ ನೋಡಬೇಕಂತೆ. ನವೆಂಬರ್ ಮೊದಲ ವಾರ ಊರೊಳಗೆ ಹಿಮ ಬಿದ್ದಿರುತ್ತದೆ ಅಂತ ಹೇಳುವ ಹಾಗಿಲ್ಲ. ನಾಲ್ಕು ದಿನದಲ್ಲಿ ಎರಡು ದಾರಿಯಲ್ಲೇ ಹೋಗುತ್ತವೆ. ಅದು ಅವಳಿಗೂ ಅರ್ಥವಾಯಿತು.

ಇವರು ಗೋವಾ ಅಂದರು. ಯಾಕೆ ಅಂದರೆ, "ಸಮುದ್ರದ ಎದುರು ಸುಮ್ನೆ ಕೂರಬೇಕು ಕಣೇ." ಅದೂ ನಿಜವಾದ ಆಸೆಯೇ. ಗೋವಾ ನನಗೂ ಇಷ್ಟ. ದೋಣಿಯಲ್ಲಿ ಮಾಂಡವಿ ನದಿ ದಾಟಿ ದಿವಾಡಿ ದ್ವೀಪಕ್ಕೆ ಹೋಗುವುದು, ಪಣಜಿಯ ಫೊಂತೈನ್ಯಾಸಿನ ಹಳೇ ಮನೆಗಳ ಓಣಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ನಡೆಯುವುದು, ಇವೆಲ್ಲ ಯಾವತ್ತಾದರೂ ನಿಧಾನವಾಗಿ ಮಾಡಬೇಕು. ಆದರೆ ಅತ್ತೆಗೆ ಅಲ್ಲಿ ಏನಿದೆ ಅಂತ ಕೇಳಿದರೆ ಇವರ ಹತ್ತಿರ ಉತ್ತರ ಇರಲಿಲ್ಲ.

ಅತ್ತೆ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ತರಕಾರಿ ಹೆಚ್ಚುತ್ತಾ ತಾವೇ ಶುರು ಮಾಡಿದರು. "ಉಪ್ಪಿನಕುದ್ರು ಗೊಂಬೆಯಾಟ ನೋಡಿದ್ದೆ ಮಾರಾಯ್ತಿ, ಸಣ್ಣವಳಿದ್ದಾಗ. ಗೊಂಬೆ ಕಾಲಿಟ್ಟರೆ ಗೆಜ್ಜೆ ಸದ್ದು ಬರ್ತಿತ್ತು. ಅದು ಹೇಗೆ ಅಂತ ಯಾರೂ ಹೇಳಲೇ ಇಲ್ಲ."

ಅತ್ತೆಯ ತವರು ಕುಂದಾಪುರದ ಹತ್ತಿರ. ಉಪ್ಪಿನಕುದ್ರು ಅಲ್ಲೇ ಪಕ್ಕ. ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟ ಅಂದರೆ ಕರಾವಳಿಯಲ್ಲಿ ಗೊತ್ತಿಲ್ಲದವರಿಲ್ಲ. ಮದುವೆಯಾಗಿ ಮುಂಬೈಗೆ ಬಂದ ಮೇಲೆ ಅತ್ತೆಗೆ ಗೊಂಬೆಯಾಟ ತಪ್ಪಿಹೋಯಿತು. ಮಳೆಗಾಲದಲ್ಲಿ ಊರಿನ ಮೇಳಗಳು ಇಲ್ಲಿಗೆ ಬಂದಾಗ ಯಕ್ಷಗಾನ ಮಾತ್ರ ಬಿಟ್ಟಿಲ್ಲ. ಮಾಟುಂಗಾದಲ್ಲಾಗಲಿ, ನಮ್ಮ ಡೊಂಬಿವಲಿಯಲ್ಲಾಗಲಿ, ಆಟ ಇದ್ದರೆ ಮೊದಲ ಸಾಲಲ್ಲಿ ಅತ್ತೆ ಇರುತ್ತಾರೆ.

ಆ ಮಾತು ಕೇಳಿದ ಕೂಡಲೇ ನನಗೆ ಪಿಂಗುಳಿ ನೆನಪಾಯಿತು. ನಮ್ಮ ಆಫೀಸಿನಲ್ಲಿ ಒಬ್ಬರು ಕುಡಾಳ ಕಡೆಯವರು. ಪ್ರತಿ ವರ್ಷ ಗಣಪತಿಗೆ ಊರಿಗೆ ಹೋಗಿ ಬಂದು ಅಲ್ಲಿಯ ಕಥೆ ಹೇಳುತ್ತಾರೆ. ಪಿಂಗುಳಿ ಅಂದರೆ ಕುಡಾಳಕ್ಕೆ ತಾಗಿದ ಹಳ್ಳಿ. ಅಲ್ಲಿ ಠಾಕರ ಆದಿವಾಸಿ ಮನೆತನಗಳು ತಲೆತಲಾಂತರದಿಂದ ಗೊಂಬೆ ಆಡಿಸುತ್ತಾ ಬಂದಿವೆ. ದಾರದ ಗೊಂಬೆಗೆ ಅವರು ಕಳಸೂತ್ರಿ ಬಾಹುಲಿ ಅನ್ನುತ್ತಾರೆ. ನಮ್ಮ ತೊಗಲು ಗೊಂಬೆಯ ಹಾಗೆ ಚರ್ಮದ ಗೊಂಬೆಗಳೂ ಇವೆ. ಇವೆರಡರ ಜೊತೆಗೆ ಚಿತ್ರಕಥಿ. ಬಿಡಿ ಹಾಳೆಗಳಲ್ಲಿ ರಾಮಾಯಣ, ಮಹಾಭಾರತದ ಚಿತ್ರ ಬರೆದಿರುತ್ತಾರೆ. ಒಂದು ಕಥೆಯ ಹಾಳೆಗಳ ಕಟ್ಟು ಅಂದರೆ ಒಂದು ಪೋಥಿ. ಒಂದೊಂದೇ ಹಾಳೆ ಎತ್ತಿ ತೋರಿಸುತ್ತಾ ಹಾಡಿ ಕಥೆ ಹೇಳುತ್ತಾರೆ. ಹಿಂದೆ ಸಾವಂತವಾಡಿಯ ಅರಸರ ಆಶ್ರಯ ಇತ್ತು. ಪಿಂಗುಳಿಯ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ದನದ ಕೊಟ್ಟಿಗೆಯನ್ನೇ ಅವರು ವಸ್ತುಸಂಗ್ರಹಾಲಯ ಮಾಡಿದ್ದಾರೆ.

ಇದನ್ನೆಲ್ಲ ಹೇಳುವಾಗ ಅತ್ತೆಯ ಕೈ ನಿಂತೇ ಹೋಗಿತ್ತು. ಬೀನ್ಸು ಹಾಗೇ ಉಳಿದಿತ್ತು.

ನನಗೆ ಇನ್ನೊಂದು ವಿಷಯ ಚುಚ್ಚಿತು. ಊರಿಗೆ ಹೋಗುವಾಗಲೆಲ್ಲ ನಾವು ಇದೇ ದಾರಿಯಲ್ಲೇ ಹೋಗುತ್ತೇವೆ. ಕೊಂಕಣ ರೈಲ್ವೆಯ ಪೂರ್ತಿ ದಾರಿ 1998ರ ಜನವರಿ 26ಕ್ಕೆ ತೆರೆಯಿತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ ಈ ದಾರಿಗೆ ಪಟ್ಟು ಹಿಡಿದರು ಅಂತ ನಮ್ಮ ಮಾವ ಅಭಿಮಾನದಿಂದ ಹೇಳುತ್ತಿದ್ದರು. ಅಂದಿನಿಂದ ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ನಮ್ಮ ಮತ್ಸ್ಯಗಂಧ ರೈಲು ಕುಡಾಳ ದಾಟುವಾಗ ರಾತ್ರಿ. ನಾವು ನಿದ್ದೆಯಲ್ಲಿ. ಈ ಮನೆಗೂ ಆ ಮನೆಗೂ ನಡುವೆ ಇರುವ ಅಷ್ಟು ದೊಡ್ಡ ಸೀಮೆಯನ್ನು ನಾವು ಕಣ್ಣು ಮುಚ್ಚಿಯೇ ದಾಟಿದ್ದೇವೆ.

ಊರು ಸಿಕ್ಕಿತು. ಆಮೇಲೆ ಯಾವಾಗ ಅನ್ನುವುದು. ನಮ್ಮ ರಜೆ ನೋಡುವ ಮೊದಲು ಆ ಊರಿನ ಕಾಲ ನೋಡಬೇಕು ಅಂತ ನನ್ನ ಹಟ. ಮೇ ತಿಂಗಳು ಅಂದರೆ ಮಾವಿನಹಣ್ಣು, ಬೆವರು, ಜನ. ಮಳೆಗಾಲದಲ್ಲಿ ಹಸಿರು ಚೆನ್ನ, ಆದರೆ ಸಮುದ್ರ ಏರಿರುತ್ತದೆ. ಮಾಲವಣದಿಂದ ಸಿಂಧುದುರ್ಗ ಕೋಟೆಗೆ ದೋಣಿಯೂ ಬಿಡುವುದಿಲ್ಲ. ಗಣಪತಿಯ ಹೊತ್ತಿಗೆ ಮನೆ ಮನೆಯಲ್ಲೂ ಅವರದೇ ಜನ ತುಂಬಿರುತ್ತಾರೆ. ಮುಂಬೈಯಲ್ಲಿ ದುಡಿಯುವ ಚಾಕರಮಾನಿಗಳು ವರ್ಷವಿಡೀ ಕಾದು ಹೋಗುವ ದಿನಗಳು ಅವು. ಆಗ ಹೊರಗಿನವರು ರೈಲಿನ ಸೀಟು ಹಿಡಿಯುವುದು ಸರಿ ಅಲ್ಲ ಅಂತ ನನಗೆ ಅನ್ನಿಸುತ್ತದೆ. ದೀಪಾವಳಿ ರಜೆಯಲ್ಲಿ ತಾರ್ಕರ್ಲಿ ಬೀಚಿನ ಕಡೆ ವಿಪರೀತ ರಶ್.

ಕಾರ್ತಿಕ ಹುಣ್ಣಿಮೆ ಈ ಸಲ ನವೆಂಬರ್ 5ಕ್ಕೆ. ಅದರ ಹೊತ್ತಿಗೆ ಗದ್ದೆ ಕೊಯ್ಲು ಮುಗಿಯುತ್ತಾ ಬಂದು ಹಳ್ಳಿಗಳ ಜತ್ರೆಗಳು ಶುರುವಾಗುತ್ತವೆ. ಜತ್ರೆ ಅಂದರೆ ರಾತ್ರಿ ದಶಾವತಾರದ ಆಟ ಇರಲೇಬೇಕು. ಊರವರು ದಹಿಕಾಲಾ ಅಂತಲೂ ಕರೆಯುತ್ತಾರೆ. ಇದು ನಮ್ಮ ಯಕ್ಷಗಾನಕ್ಕೆ ಎಷ್ಟು ಹತ್ತಿರ ಅಂದರೆ, ಕೇಳಿದಷ್ಟೂ ಅತ್ತೆಯ ಕಣ್ಣು ದೊಡ್ಡದಾಗುತ್ತಿತ್ತು. ಮೊದಲು ಗಣಪತಿ, ಸರಸ್ವತಿ ವೇಷ. ಆಮೇಲೆ ಸಂಕಾಸುರ ಬಂದು ನಗಿಸುತ್ತಾನೆ. ಅದಾದ ಮೇಲೆ ಆಖ್ಯಾನ, ಅಂದರೆ ನಮ್ಮ ಪ್ರಸಂಗ. ಮಾತು ಬರೆದಿಟ್ಟಿರುವುದಿಲ್ಲ, ನಮ್ಮ ಅರ್ಥಗಾರಿಕೆಯ ಹಾಗೆ ಅಲ್ಲೇ ಹುಟ್ಟಬೇಕು. ಗಂಡಸರೇ ಸ್ತ್ರೀವೇಷ ಹಾಕುತ್ತಾರೆ. ಹಾರ್ಮೋನಿಯಂ, ಪಖವಾಜು, ಝಾಂಜ್. ಮಧ್ಯರಾತ್ರಿ ಹೊತ್ತಿಗೆ ಏರಿದರೆ ಬೆಳಗಿನ ತನಕ.

ಆದರೆ ಜನವರಿಯ ಆ ಅಂಗಳ ಮತ್ತೆ ಕಣ್ಣ ಮುಂದೆ ಬಂತು. ನಾವು ಹೋದೆವು ಅಂತ ಯಾರೋ ನಮಗಾಗಿ ಕುಣಿಯುವುದು ಬೇಡ. ಅದಕ್ಕೆ ಕುಡಾಳದಲ್ಲಿ ಒಂದು ಮನೆಗೆ ಫೋನ್ ಮಾಡಿದೆ. ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಆ ತಾಯಿ ಅಲ್ಲಿಯ ಮಾಲವಣಿ ಮಾತಿನಲ್ಲಿ, ನಾನು ನನ್ನ ಡೊಂಬಿವಲಿ ಮರಾಠಿಯಲ್ಲಿ, ಇಪ್ಪತ್ತು ನಿಮಿಷ ಮಾತಾಡಿದೆವು. ಜತ್ರೆಗೆ ಟಿಕೆಟ್ ಇಲ್ಲ, ದೇವರ ಕೆಲಸ ಅದು, ಬಂದವರೆಲ್ಲ ಕೂರಬಹುದು ಅಂದರು. ಚಾಪೆ ತಂದುಕೊಳ್ಳಿ, ಮುಂದಿನ ಜಾಗ ಊರಿನ ಮುದುಕರಿಗೆ ಬಿಡಿ, ಆಟದ ನಡುವೆ ಫೋನಿನ ಲೈಟ್ ಹಾಕಬೇಡಿ. ಯಾವ ಊರಲ್ಲಿ ಯಾವ ರಾತ್ರಿ ಅಂತ ಹತ್ತು ದಿನ ಮೊದಲು ಹೇಳುತ್ತಾರಂತೆ. ಆಂಗಣೆವಾಡಿಯ ಭರಾಡಿ ದೇವಿಯ ಜತ್ರೆಯಂಥ ದೊಡ್ಡ ಜತ್ರೆಗೂ ಪಂಚಾಂಗದ ತಿಥಿ ಇಲ್ಲ. ಪ್ರತಿ ವರ್ಷ ದೇವಿಯ ಕೌಲು, ಅಂದರೆ ಅಪ್ಪಣೆ, ಕೇಳಿ ದಿನ ಗೊತ್ತು ಮಾಡುತ್ತಾರೆ. ಆಮೇಲೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ನಾವು 60 ದಿನ ಮೊದಲೇ ಟಿಕೆಟ್ ಮಾಡಿ ದಿನ ಹೇಳಿ ಅಂತ ಕೇಳಿದರೆ ಅವರು ಹೇಗೆ ಹೇಳುತ್ತಾರೆ, ಅಲ್ವಾ? ಮೂರು ರಾತ್ರಿಯಲ್ಲಿ ಒಂದು ರಾತ್ರಿ ಆಟ ಸಿಕ್ಕರೆ ನಮ್ಮ ಪುಣ್ಯ.

ಪಿಂಗುಳಿಯದು ಬೇರೆ. ಅಲ್ಲಿ ದುಡ್ಡು ಕೊಟ್ಟು ಗೊಂಬೆಯಾಟ ನೋಡುವುದರಲ್ಲಿ ನನಗೆ ಯಾವ ಮುಜುಗರವೂ ಇಲ್ಲ. ಅದು ಅವರ ವಿದ್ಯೆ. ಏನು ತೋರಿಸುತ್ತಿದ್ದೇವೆ ಅಂತ ಅವರಿಗೆ ಗೊತ್ತು. ಕೇಳಿದರೆ ಹೇಳುವವರೂ ಅವರೇ. ಆ ಜನವರಿಯ ಹುಡುಗಿಯರಿಗೆ ಅಷ್ಟೂ ಸಿಕ್ಕಿರಲಿಲ್ಲ.

ಇವತ್ತು ಮಧ್ಯಾಹ್ನ ಕೂತು ಪಟ್ಟಿ ಕಡಿಮೆ ಮಾಡಿದೆವು. ಇವರು ಬರೆದ ಒಂಬತ್ತು ಜಾಗದಲ್ಲಿ ಮೂರು ಉಳಿದವು. ಮೂರು ರಾತ್ರಿಯೂ ಅದೇ ಕುಡಾಳದ ಮನೆ. ದಿನಾ ಚೀಲ ಕಟ್ಟುವುದು ಅತ್ತೆಗೆ ಆಗದು. ಪಿಂಗುಳಿಗೆ ಒಂದು ಪೂರ್ತಿ ದಿನ. ಸಿಂಧುದುರ್ಗ ಕೋಟೆಗೆ ಅಪ್ಪ ಮಗಳು ಮಾತ್ರ ಹೋಗಿ ಬರುತ್ತಾರೆ. ಶಿವಾಜಿ 1664ರಲ್ಲಿ ಕಟ್ಟಿಸಲು ಶುರು ಮಾಡಿದ ಕೋಟೆ ಅದು, ಸುತ್ತ ಸಮುದ್ರ. ಓಲಾಡುವ ದೋಣಿಗೆ ಹತ್ತಿಳಿಯಲು ಅತ್ತೆಯ ಮಂಡಿ ಒಪ್ಪುವುದಿಲ್ಲ. ಇವರಿಗೆ ಸಮುದ್ರದ ಎದುರು ಕೂರಲು ಅಲ್ಲೇ ಮಾಲವಣ ಸಿಕ್ಕಿತು. ಮೂರನೆಯದು ಸಾವಂತವಾಡಿ. ಮರದ ಆಟಿಕೆಗಳ ಬೀದಿ, ಅರಮನೆಯಲ್ಲಿ ಗಂಜೀಫಾ ಅನ್ನುವ ಹಳೇ ಕಾಲದ ಇಸ್ಪೀಟಿನ ಎಲೆಗಳಿಗೆ ಚಿತ್ರ ಬರೆಯುವವರು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಗುಂಡು ಎಲೆ. ಅದನ್ನು ಕೇಳಿದ ಮೇಲೆ ಮಗಳು ಮನಾಲಿಯ ಮಾತೆತ್ತಿಲ್ಲ. ಚಿತ್ರ ಬರೆಯುವ ಹುಡುಗಿ ಅವಳು. ಕಣ್ಣು ಮೊದಲು ಬರೀತಾರಾ ಕೊನೆಗಾ ಅಂತ ಕೇಳಬೇಕಂತೆ. ಎರಡು ದಿನ ಶಾಲೆ ತಪ್ಪುತ್ತದೆ. ತಪ್ಪಲಿ.

ಇವರಿಗೆ ವಂದೇ ಭಾರತ್ ಆಗಬೇಕಿತ್ತು, ಬೇಗ ಮುಟ್ಟುತ್ತದೆ ಅಂತ. ನಾನು ಮಾಂಡವಿಯನ್ನೇ ಹಿಡಿದೆ. ಬೆಳಿಗ್ಗೆ ಹೊರಟು ಹಗಲಿಡೀ ಹೋಗುತ್ತದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಕಷ್ಟ ಇಲ್ಲ, ಠಾಣೆಯಲ್ಲೇ ಹತ್ತಬಹುದು. ರತ್ನಾಗಿರಿ ಹತ್ತಿರದ ಆರೂವರೆ ಕಿಲೋಮೀಟರ್ ಉದ್ದದ ಕರ್ಬುಡೆ ಸುರಂಗ, 64 ಮೀಟರ್ ಎತ್ತರದ ಪಾನ್ವಲ್ ಸೇತುವೆ, ಎಲ್ಲ ಬೆಳಕಲ್ಲೇ ಸಿಗುತ್ತವೆ. ಅತ್ತೆ ಇದನ್ನು ಎಚ್ಚರವಿದ್ದು ನೋಡಬೇಕು. ಆ ರೈಲಿನ ತಿಂಡಿ ಊಟಕ್ಕೂ ಒಳ್ಳೇ ಹೆಸರಿದೆ. ಹಿರಿಯರ ರಿಯಾಯಿತಿ ಮಾತ್ರ 2020ರ ಮಾರ್ಚ್‌ನಿಂದ ಇಲ್ಲ. ವಾಪಸ್ ಭಾನುವಾರ. ಆ ಟಿಕೆಟ್ಟಿಗೆ ಬರುವ ಬುಧವಾರ ಬೆಳಿಗ್ಗೆ ಮತ್ತೆ ಎಂಟಕ್ಕೆ ಕೂರಬೇಕು.

ಕುಡಾಳದ ಆ ತಾಯಿ ಬೆಳಿಗ್ಗೆಗೆ ಘಾವಣೆ ಮಾಡಿಕೊಡುತ್ತಾರಂತೆ. ಹೇಗೆ ಮಾಡುತ್ತೀರಿ ಅಂತ ಕೇಳಿದೆ. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ತೆಳ್ಳಗೆ ನೀರು ಮಾಡಿ, ಕಾದ ಕಾವಲಿಗೆ ಹುಯ್ಯುವುದು. ನಮ್ಮ ನೀರುದೋಸೆಯೇ. ಅತ್ತೆಗೆ ಹೇಳಿದರೆ, "ಮತ್ತೆಂತ, ಅಲ್ಲೂ ನಮ್ಮವರೇ ಇದ್ದಾರೆ" ಅಂದರು.

ರಾತ್ರಿ ಚಂದ್ರಗ್ರಹಣ. ಅತ್ತೆ ಮಧ್ಯಾಹ್ನವೇ ಉಂಡರು, ರಾತ್ರಿ ಊಟ ಇಲ್ಲ. ಹತ್ತು ಗಂಟೆ ಹೊತ್ತಿಗೆ ಹಿಡಿಯಲು ಶುರುವಾಯಿತು. ಅಪ್ಪ ಮಗಳು ಟೆರೇಸಿಗೆ ಓಡಿದರು. ಮೋಡದ ನಡುವೆ ಕಂಡರೆ ಕಂಡೀತು. ಅತ್ತೆ ದೇವರ ಕೋಣೆಯಲ್ಲಿ ಜಪಕ್ಕೆ ಕೂತರು. ನಾನು ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ನವೆಂಬರ್ 6ಕ್ಕೆ ಕೆಂಪು ಸುತ್ತು ಹಾಕಿ, ಒಂದು ನೋಟ್‌ಬುಕ್ ತೆಗೆದೆ. ಕೇಳಬೇಕಾದ ಪ್ರಶ್ನೆಗಳಿಗೆ. ಗೆಜ್ಜೆಯದು ಮೊದಲನೆಯದು. ಕಣ್ಣಿನದು ಎರಡನೆಯದು.

ಬರೆಯುತ್ತಿರುವಾಗಲೇ ಒಳಗಿಂದ ಜಪ ನಿಂತಿತು.

"ಬರ್ಕೊಳ್ತಾ ಇದ್ದೀಯಾ?"

"ಹೌದು ಅತ್ತೆ."

"ಅವರ ಗೊಂಬೆಗೆ ಎಷ್ಟು ದಾರ ಕಟ್ತಾರೆ, ಅದನ್ನೂ ಬರಿ."