ಬಿಳಿ ಪುಡಿಗಳ ಮೇಜು

ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದ ಒಂದು ಮೇಜಿನ ಮೇಲೆ ಚೀಟಿ ಅಂಟಿಸದ ಬಾಟಲಿಗಳು ಇರುತ್ತಿದ್ದವು. ಸುಣ್ಣ, ಸುಣ್ಣಕಲ್ಲಿನ ಪುಡಿ, ಜಿಪ್ಸಂ, ಅಡುಗೆ ಸೋಡಾ, ವಾಷಿಂಗ್ ಸೋಡಾ, ಎಲ್ಲವೂ ಬೆಳ್ಳಗೆ. ಯಾವುದು ಏನೆಂದು ಪರೀಕ್ಷೆ ಮಾಡಿ ಹೇಳಿದ ಮೇಲೆಯೇ ಅದರ ಉಪಯೋಗದ ಪಾಠ. ನಾಲಿಗೆಗೆ ಹಚ್ಚಿ ನೋಡುವುದು ಪೂರ್ತಿ ನಿಷಿದ್ಧ. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಅಧ್ಯಾಯವನ್ನು ನಮ್ಮ ವಿಜ್ಞಾನದ ಸರ್ ಹೀಗೆ ಕಲಿಸಿದರು. ಗಂಗಾವತಿ, ಕಾರಟಗಿ ಸೀಮೆಯಲ್ಲಿ ಈ ಪುಡಿಗಳಲ್ಲಿ ಒಂದರ ಬದಲು ಇನ್ನೊಂದು ಹೊಲಕ್ಕೆ ಬಿದ್ದರೆ ಹಣವೂ ಹಂಗಾಮೂ ಹಾಳು. ಅದಕ್ಕಾಗಿ ಈಗಿನ ವಿದ್ಯಾರ್ಥಿಗಳಿಗೆ ಆ ಪಾಠವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಪರೀಕ್ಷೆ ಅರಿಶಿನ ಕಾಗದದ್ದು. ಅರಿಶಿನ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಆ ದ್ರಾವಣದಲ್ಲಿ ಶೋಧಕ ಕಾಗದ ಅದ್ದಿ ನೆರಳಲ್ಲಿ ಒಣಗಿಸಬೇಕು. ಪುಡಿಯನ್ನು ನೀರಲ್ಲಿ ಕಲಸಿ ಒಂದು ಹನಿ ಹಾಕಿದರೆ ಸುಣ್ಣಕ್ಕೂ ವಾಷಿಂಗ್ ಸೋಡಾಕ್ಕೂ ಕಾಗದ ಕಡುಗೆಂಪಾಗುತ್ತದೆ. ಅಡುಗೆ ಸೋಡಾಕ್ಕೆ ಬಣ್ಣ ಮಂದ. ಜಿಪ್ಸಂಗೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಎರಡು ಸೋಡಾಗಳನ್ನು ಬೇರೆ ಮಾಡಲು ಪ್ರನಾಳದಲ್ಲಿ ಕಾಯಿಸಿ, ಬರುವ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಬೇಕು. ಅಡುಗೆ ಸೋಡಾ ಕಾದರೆ ಇಂಗಾಲದ ಡೈಆಕ್ಸೈಡ್ ಬಂದು ತಿಳಿನೀರು ಹಾಲಾಗುತ್ತದೆ. ವಾಷಿಂಗ್ ಸೋಡಾದಿಂದ ಬರುವುದು ಬರೀ ನೀರಿನ ಆವಿ. ಎರಡಕ್ಕೂ ಪ್ರನಾಳದ ಬಾಯಿ ಸ್ವಲ್ಪ ಕೆಳಗೆ ಬಾಗಿರಬೇಕು. ಇಲ್ಲದಿದ್ದರೆ ಬಾಯಿಯ ಹತ್ತಿರ ತಣಿದ ನೀರು ಹಿಂದಕ್ಕೆ ಹರಿದು ಕಾದ ಗಾಜು ಬಿರುಕು ಬಿಡುತ್ತದೆ.

ತಿಳಿನೀರು ಮಾಡುವಾಗ ಸುಣ್ಣ ಸುರಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 1.7 ಗ್ರಾಂ ಮಾತ್ರ, ಬಿಸಿ ನೀರಿನಲ್ಲಿ ಇನ್ನೂ ಕಡಿಮೆ. ಒಂದು ಚಮಚ ಹಾಕಿ ಅಲುಗಾಡಿಸಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಸೋಸಿ, ಬಾಟಲಿ ತುಂಬಾ ತುಂಬಿ ಬಿರಡೆ ಬಿಗಿ ಮಾಡಬೇಕು. ಗಾಳಿ ಆಡಿದರೆ ಮೇಲೆ ಕೆನೆಗಟ್ಟಿ ನೀರಿನ ಶಕ್ತಿ ಹೋಗುತ್ತದೆ. ಪ್ರಯೋಗ ಕೈಕೊಟ್ಟಾಗ ಮೊದಲು ಅನುಮಾನಿಸಬೇಕಾದದ್ದು ಹಳೆಯ ತಿಳಿನೀರನ್ನು. ಅನಿಲ ಅತಿಯಾಗಿ ಹಾಯಿಸಿದರೂ ಹಾಲಾದ ನೀರು ಮತ್ತೆ ತಿಳಿಯಾಗುತ್ತದೆ. ಕಾರ್ಬೊನೇಟ್ ಹೋಗಿ, ನೀರಲ್ಲಿ ಕರಗುವ ಬೈಕಾರ್ಬೊನೇಟ್ ಆಗುವುದೇ ಕಾರಣ.

ಸುಣ್ಣಕಲ್ಲಿನ ಪುಡಿಗೂ ಜಿಪ್ಸಂಗೂ ನಿಂಬೆರಸ ಸಾಕು. ಮೊದಲನೆಯದು ನೊರೆಯುತ್ತದೆ, ಎರಡನೆಯದು ಸುಮ್ಮನಿರುತ್ತದೆ. ಕಪ್ಪುಹಲಗೆಯ ಸೀಮೆಸುಣ್ಣವನ್ನೂ ಹೀಗೆ ನೋಡಿ. ನೊರೆ ಬಾರದಿದ್ದರೆ ಅದನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಮಾಡಿದ್ದಾರೆ, ಎಂದರೆ ನೀರು ಕುಡಿದು ಗಟ್ಟಿಯಾದ ಜಿಪ್ಸಂ.

ವಾಷಿಂಗ್ ಸೋಡಾದ ಬಗ್ಗೆ ಒಂದೇ ಮಾತು. ಹರಳಿನ ತೂಕದಲ್ಲಿ ನೂರಕ್ಕೆ 63 ಭಾಗ ನೀರೇ ಇರುತ್ತದೆ. ನಮ್ಮ ಬೇಸಿಗೆಗೆ ಅದು ತಾನೇ ಪುಡಿಯಾಗುತ್ತದೆ. ಗಡಸು ಬೋರ್‌ವೆಲ್ ನೀರಿಗೆ ಹಾಕುವಾಗ ಹರಳಿನ ಲೆಕ್ಕವನ್ನೇ ಒಣ ಪುಡಿಗೂ ಹಿಡಿದರೆ ಎರಡು ಪಟ್ಟಿಗಿಂತ ಹೆಚ್ಚು ಸೋಡಾ ಬಿದ್ದು ಕೈಯ ಚರ್ಮ ಸುಲಿಯುತ್ತದೆ.

ಇನ್ನು ಹೊಲ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆಯ ನೀರಿನಿಂದ ನಮ್ಮ ಭಾಗ ಭತ್ತದ ಕಣಜವಾಯಿತು. ಆದರೆ ಎರಿ ಭೂಮಿಯಲ್ಲಿ ನೀರು ಇಳಿಯುವುದು ನಿಧಾನ. ಬಸಿಗಾಲುವೆ ಇಲ್ಲದೆ ನೀರು ನಿಲ್ಲಿಸುತ್ತಾ ಹೋದ ಕಡೆ ಅಂತರ್ಜಲ ಮೇಲೆದ್ದಿತು. ಆ ನೀರು ಆವಿಯಾಗಿ ಉಪ್ಪು ಮೇಲುಳಿದು ನೆಲ ಸವಳಾಯಿತು. ಸವಳಿನಲ್ಲಿ ಎರಡು ಬಗೆ. ಬರೀ ಉಪ್ಪು ಕೂಡಿದ ನೆಲಕ್ಕೆ ಬಸಿಗಾಲುವೆ ತೆಗೆದು ಸಿಹಿನೀರಿನಿಂದ ತೊಳೆದರೆ ಸಾಕು, ಯಾವ ಪುಡಿಯೂ ಬೇಡ. ಸೋಡಿಯಂ ಜೇಡಿಯ ಕಣಗಳಿಗೆ ಅಂಟಿಕೊಂಡ ನೆಲದ ಕಥೆ ಬೇರೆ. ಅಲ್ಲಿ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗೆ ಇಳಿಯುವುದೇ ಇಲ್ಲ. ಅದರ ಪಿಎಚ್, ಎಂದರೆ ಆಮ್ಲ-ಕ್ಷಾರದ ಅಳತೆ, 8.5 ದಾಟಿರುತ್ತದೆ.

ಇಲ್ಲಿ ಬೇಕಾದದ್ದು ಸೋಡಿಯಂನ ಜಾಗಕ್ಕೆ ಬರುವ ಕ್ಯಾಲ್ಸಿಯಂ. ಸುಣ್ಣದಲ್ಲೂ ಕ್ಯಾಲ್ಸಿಯಂ ಇದೆಯಲ್ಲ ಎಂದು ಅದನ್ನು ಹಾಕಿದರೆ ಏರಿದ ಪಿಎಚ್ ಇನ್ನಷ್ಟು ಏರುತ್ತದೆ. ಸುಣ್ಣಕಲ್ಲಿನ ಪುಡಿಯಂತೂ ಅಷ್ಟು ಪಿಎಚ್‌ನಲ್ಲಿ ಕರಗುವುದಿಲ್ಲ, ಎರಿ ಮಣ್ಣಿನಲ್ಲಿ ಅದು ಮೊದಲೇ ಬೇಕಾದಷ್ಟಿದೆ. ಜಿಪ್ಸಂ ಲೀಟರಿಗೆ ಎರಡು ಗ್ರಾಂಗಿಂತ ಹೆಚ್ಚು ಕರಗುತ್ತದೆ, ಪಿಎಚ್ ಏರಿಸುವುದಿಲ್ಲ. ಬಿಡುಗಡೆಯಾದ ಸೋಡಿಯಂ ಸಲ್ಫೇಟ್ ಆಗಿ ನೀರಿನೊಡನೆ ಹೊರಟುಹೋಗುತ್ತದೆ. ಹೋಗಲು ದಾರಿ ಇರಬೇಕು, ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಂ ದಂಡ. ಪುಡಿಯನ್ನು ಮೇಲಿನ 10 ಸೆಂಟಿಮೀಟರ್ ಮಣ್ಣಿಗೆ ಮಾತ್ರ ಬೆರೆಸಿ, ಒಂದೆರಡು ವಾರ ನೀರು ನಿಲ್ಲಿಸಿ, ಬಸಿದು, ಆಮೇಲೆ ನಾಟಿ ಮಾಡಬೇಕು. ಆಳವಾಗಿ ಉಳುಮೆ ಮಾಡಿದರೆ ಪುಡಿ ಚದುರಿ ಬಲ ಕುಂದುತ್ತದೆ.

ಈ ಮಣ್ಣಿನ ಗುಣವನ್ನು ಶಾಲೆಯಲ್ಲೇ ನೋಡಬಹುದು. ಅರ್ಧ ಲೀಟರ್ ಮಳೆನೀರಿಗೆ ಎರಡು ಚಮಚ ಒಣ ಮಣ್ಣು ಹಾಕಿ ಅಲುಗಾಡಿಸಿ ಮರುದಿನದವರೆಗೆ ಬಿಡಿ. ಬರೀ ಉಪ್ಪಿನ ಮಣ್ಣಾದರೆ ನೀರು ತಿಳಿಯಾಗುತ್ತದೆ, ಸೋಡಿಯಂ ಹತ್ತಿದ ಮಣ್ಣಾದರೆ ರಾಡಿಯಾಗಿಯೇ ಇರುತ್ತದೆ. ಆ ರಾಡಿಗೆ ಅರ್ಧ ಚಮಚ ಜಿಪ್ಸಂ ಕಲಕಿದರೆ ಕೆಲವು ಗಂಟೆಯಲ್ಲಿ ಜೇಡಿ ಗಂಟುಗಟ್ಟಿ ತಳ ಸೇರುತ್ತದೆ. ಇಡೀ ಪಠ್ಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಯೋಗ ನಮ್ಮ ಸೀಮೆಗೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಬೋರ್‌ವೆಲ್ ನೀರು ಬಳಸಬೇಡಿ, ಅದರ ಲವಣಗಳೇ ಜೇಡಿಯನ್ನು ಕೂರಿಸಿಬಿಡುತ್ತವೆ. ಉಪ್ಪು, ಸೋಡಿಯಂ ಎರಡೂ ಇರುವ ಮಣ್ಣು ಕೂಡ ತಿಳಿಯಾಗಿ ಕಂಡು ಮೋಸ ಮಾಡುತ್ತದೆ.

ಅದಕ್ಕೇ ಎಕರೆಗೆ ಎಷ್ಟು ಜಿಪ್ಸಂ ಎಂಬುದನ್ನು ಬಾಟಲಿ ನೋಡಿ ಹೇಳಲಾಗದು. ಸವಳು ಮಣ್ಣಿನ ಸಂಶೋಧನೆ ನಡೆಯುವ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿಯಲ್ಲೇ ಇದೆ. ಹೊಲದ ಹಲವು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಪರೀಕ್ಷೆಗೆ ಒಯ್ಯಬೇಕು. ಬೆಳ್ಳಗೆ ಕಂಡ ಜಾಗದ ಮಣ್ಣನ್ನು ಬೇರೆಯೇ ಕಟ್ಟಬೇಕು. ಗೊಬ್ಬರದ ಹಳೆಯ ಚೀಲದಲ್ಲಿ ತುಂಬಿದರೆ ಆ ಚೀಲದಲ್ಲಿ ಉಳಿದ ಉಪ್ಪೂ ಪರೀಕ್ಷೆಯ ಲೆಕ್ಕಕ್ಕೆ ಸೇರಿಹೋಗುತ್ತದೆ.